ಕಾಕು ಹಿಡಿದ ಉಪಾಸ

ಆಷಾಢಿ ಏಕಾದಶಿಯ ದಿನ ನಮ್ಮ ಕ್ಯಾಂಟೀನಿನಲ್ಲಿ ಬೇರೆ ಏನೂ ಸಿಗುವುದಿಲ್ಲ. ತುಪ್ಪದಲ್ಲಿ ಸಿಡಿದ ಜೀರಿಗೆ, ಹುರಿದ ಶೇಂಗಾ, ಹಸಿಮೆಣಸಿನಕಾಯಿ ಎಲ್ಲ ಸೇರಿದ ವಾಸನೆ ಬೆಳಿಗ್ಗೆಯೇ ಮೆಟ್ಟಿಲು ಹತ್ತಿ ಲ್ಯಾಬಿಗೆ ಬಂದುಬಿಡುತ್ತದೆ. ಬಾಗಿಲು ಮುಚ್ಚಿ ತಣ್ಣಗೆ ಕಾಯ್ದುಕೊಂಡ ಯಂತ್ರದ ಕೋಣೆಯನ್ನೂ ಬಿಡುವುದಿಲ್ಲ. ಸಾಬುದಾಣಿ ಖಿಚಡಿ, ಅಂದರೆ ಸಬ್ಬಕ್ಕಿಯದು! ಕೊಲ್ಹಾಪುರದ ಮಂದಿ ಉಪವಾಸದ ದಿನ ತಿನ್ನುವಷ್ಟು ಉಳಿದ ದಿನ ತಿನ್ನುವುದಿಲ್ಲ ಎಂದು ನಾನು ಪ್ರತಿ ವರ್ಷ ತಮಾಷೆ ಮಾಡುತ್ತೇನೆ. ಈ ವರ್ಷವೂ ಮಾಡಿದೆ, ಎಲ್ಲರೂ ನಕ್ಕರು. ಆದರೆ ತಟ್ಟೆ ಹಿಡಿದು ಕುಳಿತು ಮೊದಲ ತುತ್ತು ಬಾಯಿಗಿಟ್ಟಾಗ ಇಚಲಕರಂಜಿಯ ಕಾಕು ನೆನಪಾದಳು... ಆಮೇಲೆ ಆ ತಟ್ಟೆ ಮುಗಿಸಲು ನನಗೆ ಬಹಳ ಹೊತ್ತು ಹಿಡಿಯಿತು.

ನನ್ನ ಊರು ಗಡಹಿಂಗ್ಲಜ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ, ಕೆಲಸದಲ್ಲಿ ಇಂಗ್ಲಿಷು, ಸಿಟ್ಟು ಬಂದರೆ ಮೂರೂ ಕೂಡಿ. ಕೊಲ್ಹಾಪುರದ ಲ್ಯಾಬಿನಲ್ಲಿ ಕೆಲಸ ಸಿಕ್ಕ ಹೊಸದರಲ್ಲಿ ಅಲ್ಲಿನ ಬಾಡಿಗೆ ಕೇಳಿ ಹೌಹಾರಿ, ಇಚಲಕರಂಜಿಯಲ್ಲಿ ದೂರದ ಸಂಬಂಧಿಕರ ಮಾಳಿಗೆಯ ಕೋಣೆ ಹಿಡಿದಿದ್ದೆ. ದಿನಾ ಎಸ್.ಟಿ. ಬಸ್ಸಿನಲ್ಲಿ ಹೋಗಿ ಬರುವುದು. ಓಣಿಯ ಎರಡೂ ಬದಿಗೆ ಪವರ್‌ಲೂಮಿನ ಶೆಡ್ಡುಗಳು. ಮೊದಲ ವಾರ ಆ ಖಟಖಟಕ್ಕೆ ತಲೆ ಸಿಡಿದು ಹೋಗುತ್ತಿತ್ತು. ತಿಂಗಳು ಕಳೆಯುವುದರೊಳಗೆ, ಕರೆಂಟು ಹೋಗಿ ಮಗ್ಗ ನಿಂತರೆ ಏನೋ ಆಯಿತೆಂದು ಕಿಟಕಿಗೆ ಬಂದು ನೋಡುವಂತಾಯಿತು.

ಕಾಕುವಿನ ಮನೆ ನನ್ನ ಕೋಣೆಗೆ ಎದುರು. ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಓಣಿಯವರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು. ತವರು ದತ್ತವಾಡ, ಕನ್ನಡದ ಮನೆತನ. ಗಂಡ ಯಡ್ರಾವದ ಒಂದು ಕಾರಖಾನೆಯಲ್ಲಿ ಮಗ್ಗ ನಡೆಸುತ್ತಿದ್ದ. ಮನೆಯಲ್ಲಿ ಅತ್ತೆ. ಕಾಕು ಓಣಿಯ ತುದಿಯ ಶೆಡ್ಡಿನಲ್ಲಿ ಕಾಂಡಿ ಸುತ್ತುತ್ತಿದ್ದಳು. ಕಾಂಡಿ ಎಂದರೆ ನೂಲು ಸುತ್ತಿದ ಸಣ್ಣ ಕೊಳವೆ. ಅದನ್ನು ಧೋಟಾದ, ಅಂದರೆ ಲಾಳಿಯ, ಹೊಟ್ಟೆಯಲ್ಲಿ ಕೂರಿಸಿದರೆ, ಧೋಟಾ ಮಗ್ಗದ ಈ ತುದಿಯಿಂದ ಆ ತುದಿಗೆ ಹಾರಿ ಬಟ್ಟೆ ಬೀಳುತ್ತದೆ. ನಾನು ಬಂದ ದಿನವೇ ಒಂದು ಬುಟ್ಟಿ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟು, ನಮ್ಮ ಭಾಷೆಯಾಕಿ ಬಂದಳೆಂದು ಓಣಿಗೆಲ್ಲ ಡಂಗುರ ಸಾರಿದವಳು ಅವಳು. ಬಾಯಿ ಜೋರು, ನಗು ಇನ್ನೂ ಜೋರು. ಎಷ್ಟು ಬೇಗ ಅವಳನ್ನು ಹಚ್ಚಿಕೊಂಡೆನೆಂದರೆ, ಗಡಹಿಂಗ್ಲಜದಿಂದ ಅವ್ವ ಫೋನು ಮಾಡಿದಾಗ ಮೊದಲು ಕಾಕುವಿನ ಸುದ್ದಿ ಹೇಳಿ ಬೈಸಿಕೊಳ್ಳುತ್ತಿದ್ದೆ.

ಅವಳಿಗೆ ಒಂದೇ ಒಂದು ಕೆಟ್ಟ ಹೆಸರಿತ್ತು. ಕಾಕು ಎಲ್ಲೆಂದರಲ್ಲಿ ಕುಳಿತುಬಿಡುತ್ತಿದ್ದಳು. ನೀರಿನ ಕೊಡ ಹೊತ್ತು ಬರುವಾಗ ಅರ್ಧ ದಾರಿಯಲ್ಲಿ, ಗುಡಿಯ ಮೆಟ್ಟಿಲ ಮೇಲೆ, ಮಂದಿ ತುಂಬಿದ ಬಜಾರಿನಲ್ಲಿ. ಕುಳಿತು ಕಾಲುಂಗುರ ಸರಿಮಾಡಿಕೊಳ್ಳುವ ನಾಟಕ ಆಡುತ್ತಿದ್ದಳು. ಓಣಿಯವರು ಅವಳಿಗೆ ಕುಂಡ್ರೂ ಕಾಕು ಎಂದೇ ಹೆಸರಿಟ್ಟಿದ್ದರು. ಅತ್ತೆ ಸುತ್ತುಬಳಸಿ ಮಾತಾಡುವವಳಲ್ಲ, ಆಳಶಿ ಎಂದು ನೇರವಾಗಿಯೇ ಅನ್ನುತ್ತಿದ್ದಳು. ಮರಾಠಿಯ ಆ ಮಾತು ನಮ್ಮ ಕನ್ನಡದಲ್ಲೂ ನಡೆಯುತ್ತದೆ. ಸೋಮಾರಿ ಎಂದರೆ ಅಷ್ಟು ನೋಯುವುದಿಲ್ಲ, ಆಳಶಿ ಎಂದರೆ ಚುಚ್ಚುತ್ತದೆ. ಶ್ರಾವಣ ಸೋಮವಾರಗಳಲ್ಲಂತೂ ಕೇಳುವುದೇ ಬೇಡ. ಆ ಮನೆಯಲ್ಲಿ ಶ್ರಾವಣ ಸೋಮವಾರವೆಂದರೆ ಕಡಕ ಉಪವಾಸ, ಸಂಜೆ ಪೂಜೆ ಆಗುವ ತನಕ ಬರೀ ನೀರು. ಮಧ್ಯಾಹ್ನವಾಗುವ ಹೊತ್ತಿಗೆ ಕಾಕು ತೊಡೆ ಹಿಡಿದುಕೊಂಡು ಗೋಡೆಗೆ ಆತು ಕೂರುತ್ತಿದ್ದಳು. ಎಪ್ಪತ್ತರ ಮುದುಕಿ ಉಪವಾಸವಿದ್ದು ಓಡಾಡುತ್ತಾಳೆ, ಸೊಸೆಗೆ ಏನು ರೋಗ, ಏನು ಬ್ಯಾನಿ ಎಂದು ಮಂದಿ ಆಡಿಕೊಳ್ಳುತ್ತಿದ್ದರು.

ಅಂಥ ಒಂದು ಸೋಮವಾರದ ಮರುದಿನ ಅವಳು ನನ್ನ ಕಿವಿಯಲ್ಲಿ ಹೇಳಿದಳು. ಕಾಲು ಕಲ್ಲಾಗಿವೆ, ಮೂತ್ರ ಕರೀ ಚಹಾದ ಬಣ್ಣಕ್ಕೆ ಹೋಗುತ್ತಿದೆ, ಹಿಂದೆಯೂ ಹೀಗಾಗಿದೆ, ಯಾರಿಗೂ ಹೇಳಿಲ್ಲ ಎಂದು.  ಆಗ ನಮ್ಮ ಲ್ಯಾಬಿನಲ್ಲಿ ನಡೆಯುತ್ತಿದ್ದದ್ದೇ ಆ ಕೆಲಸ. ನಮ್ಮ ಮಾಸ್ ಸ್ಪೆಕ್ಟ್ರೋಮೀಟರನ್ನು ಅಣುಗಳನ್ನು ತೂಗಿ ಗುರುತು ಹಿಡಿಯುವ ಯಂತ್ರ ಎಂದುಕೊಳ್ಳಬಹುದು. ದೇಹ ಅನ್ನದಿಂದ, ಕೊಬ್ಬಿನಿಂದ ಶಕ್ತಿ ಮಾಡಿಕೊಳ್ಳುವಾಗ ಹುಟ್ಟುವ, ಖರ್ಚಾಗುವ ಪದಾರ್ಥಗಳು ಮನುಷ್ಯರ ರಕ್ತದಲ್ಲಿ ಎಷ್ಟೆಷ್ಟಿವೆ ಎಂದು ಅದರಲ್ಲಿ ಅಳೆಯುತ್ತಿದ್ದೆವು. ಕಾರಣ ತಿಳಿಯದೆ ಸುಸ್ತಾಗುವವರ ರಕ್ತವನ್ನು ಕೊಲ್ಹಾಪುರದ ಒಬ್ಬರು ಡಾಕ್ಟರಬಾಯಿ ನಮಗೆ ಕಳಿಸುತ್ತಿದ್ದರು. ಅವರ ಹತ್ತಿರ ಹೋಗೋಣ ಎಂದೆ. ಹಾಗಾದರೆ ನಿಮ್ಮ ಮಶೀನು ಮನುಷ್ಯನ ಕಸುವು ತೂಗುತ್ತದೆಯೇ ಎಂದು ಕಾಕು ಕೇಳಿದಳು. ಹೆಚ್ಚುಕಡಿಮೆ ಹಾಗೆಯೇ ಎಂದೆ. ಆಗ ಅವಳು ನಗಲಿಲ್ಲ.

"ಹಂಗಾರ ಒಂದ ಕೇಳಿ ಹೇಳ ತಂಗಿ ನಿನ್ನ ಮಶೀನಿಗೆ. ನಾ ಆಳಶಿ ಹೌದೋ ಅಲ್ಲೋ. ಅಷ್ಟ ಸಾಕು ನನಗ."

ಇಷ್ಟು ವರ್ಷ ಕೇಳಿ ಕೇಳಿ ಅವಳಿಗೇ ಅನುಮಾನ ಹುಟ್ಟಿತ್ತು. ರೋಗ ಇದೆಯೋ ಇಲ್ಲವೋ ಎನ್ನುವ ಹೆದರಿಕೆ ಅವಳಿಗೆ ಇರಲೇ ಇಲ್ಲ. ತಾನು ಎಂಥವಳು ಎನ್ನುವುದು ತಿಳಿಯಬೇಕಿತ್ತು.

ಡಾಕ್ಟರಬಾಯಿ ಅವಳನ್ನು ನೋಡಿದರು, ಔಷಧ ಕೊಟ್ಟರು, ನೋವು ಇಳಿದ ಮೇಲೆ ರಕ್ತ ಪರೀಕ್ಷೆಗೆ ಬರಲು ದಿನ ಕೊಟ್ಟರು. ಬರುವ ಮುಂಜಾನೆ ಉಪಾಸ ಇರಬೇಕು ಎಂದು ದವಾಖಾನೆಯ ಹುಡುಗಿ ಫೋನಿನಲ್ಲಿ ಮರಾಠಿಯಲ್ಲಿ ತಿಳಿಸಿದಳು. ಕಾಕು ಹೋಗಿ ರಕ್ತ ಕೊಟ್ಟು ಬಂದಳು. ಬೆರಳ ತುದಿಯ ರಕ್ತದ ಬೊಟ್ಟುಗಳು ದಪ್ಪ ಕಾಗದದ ಮೇಲೆ ಒಣಗಿ ನಮ್ಮ ಲ್ಯಾಬಿಗೆ ಬಂದವು. ಯಂತ್ರಕ್ಕೆ ಹಾಕಿ ನೋಡಿದರೆ ಯಾವ ದೋಷವೂ ಇಲ್ಲ. ಎಲ್ಲವೂ ಇರಬೇಕಾದಷ್ಟೇ ಇದೆ.

ಬೇರೆ ಯಾರ ರಕ್ತವಾಗಿದ್ದರೂ ನಾನು ಖುಷಿಪಡುತ್ತಿದ್ದೆ. ಸಂಜೆ ಕಾಕುವಿನ ಮನೆಯ ಮೆಟ್ಟಿಲ ಮೇಲೆ ಕುಳಿತು ಅವಳಿಗೆ ವಿಷಯ ಹೇಳಿದೆ.  ಒಳಗಿನಿಂದ ಅತ್ತೆ, ಮಶೀನಿಗೂ ಗೊತ್ತಾಯಿತು ನೋಡು ಎಂದಳು. ನನಗೆ ಆ ಮುದುಕಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಇವತ್ತಿಗೂ ಆ ದನಿ ನೆನೆದರೆ ಮೈ ಉರಿಯುತ್ತದೆ. ಕಾಕು ಮಾತ್ರ ನನ್ನನ್ನೇ ಸಮಾಧಾನ ಮಾಡಲು ಹೊರಟಳು. ನಿನ್ನ ತಪ್ಪೇನು ಬಂತು ಇದರಲ್ಲಿ, ಅವರು ಹೇಳಿದ್ದನ್ನೆಲ್ಲ ನಾನು ಸರಿಯಾಗಿಯೇ ಮಾಡಿದೆ ಎಂದಳು.

"ಉಪಾಸ ಸುದ್ದಾ ಪಕ್ಕಾ ಹಿಡದಿದ್ನಿ. ಸಾಬುದಾಣಿ ಖಿಚಡಿ, ಎರಡ ಬಾಳಿಹಣ್ಣ, ಒಂದ ಗ್ಲಾಸ ಹಾಲ. ಅದನ್ನ ಬಿಟ್ರ ಒಂದ ಅಗಳ ಅನ್ನ ಬಾಯಾಗ ಹಾಕಿಲ್ಲ."

ನಾನು ಅವಳ ಮುಖವನ್ನೇ ನೋಡಿದೆ. ಆಮೇಲೆ ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳಿಗೆ ಏನೂ ತಿಳಿಯದೆ ಅವಳೂ ನಕ್ಕಳು. ನಮ್ಮ ಕಡೆ ಉಪಾಸ ಎಂದರೆ ಹಸಿದಿರುವುದಲ್ಲ, ಉಪಾಸದ್ದು ತಿನ್ನುವುದು! ಕಡಕ ಎಂದು ಸೇರಿಸಿ ಹೇಳದಿದ್ದರೆ ಖಿಚಡಿ ಎಂದೇ ಅರ್ಥ. ದವಾಖಾನೆಯ ಹುಡುಗಿ ಖಾಲಿ ಹೊಟ್ಟೆ ಎಂಬ ಅರ್ಥದಲ್ಲಿ ಹೇಳಿದ್ದಳು, ಕಾಕು ದೇವರ ಅರ್ಥದಲ್ಲಿ ನಡೆಸಿಕೊಟ್ಟಿದ್ದಳು. ತಟ್ಟೆ ತುಂಬ ಸಾಬುದಾಣಿ ಒಳಗೆ ಹೋದ ಮೇಲೆ ದೇಹ ಅದರಿಂದ ಬಂದ ಸಕ್ಕರೆಯಲ್ಲೇ ಕೆಲಸ ಸಾಗಿಸುತ್ತದೆ, ಕೊಬ್ಬಿನ ತಂಟೆಗೆ ಹೋಗುವುದಿಲ್ಲ. ದೋಷ ಇದ್ದರೂ ಅಡಗಿ ಕೂರುತ್ತದೆ. ಅಂದಿನಿಂದ ನಮ್ಮ ಲ್ಯಾಬಿನ ಸೂಚನೆಗಳಲ್ಲಿ ಆ ಮಾತನ್ನೇ ತೆಗೆಸಿದ್ದೇನೆ. ರಾತ್ರಿ ಊಟವಾದ ಮೇಲೆ ನೀರು ಬಿಟ್ಟು ಏನೂ ಬೇಡ, ಖಿಚಡಿಯೂ ಬೇಡ ಎಂದು ಬಿಡಿಸಿ ಹೇಳುತ್ತೇವೆ.

ಡಾಕ್ಟರಬಾಯಿಗೆ ಹೇಳಿದಾಗ ಅವರೂ ನಕ್ಕರು. ಬಹಳ ಹೊತ್ತು ಹಸಿದಿರಬೇಡ, ಮುಂದಿನ ಸಲ ಕಾಲು ಹಿಡಿದ ಕೂಡಲೇ ಬಾ ಎಂದು ಕಾಕುವಿಗೆ ಹೇಳಿದರು. ದೀಪಾವಳಿಗೆ ಮುಂಚೆ ಮಗ್ಗಗಳಿಗೆ ಪುರಸೊತ್ತಿಲ್ಲದ ದಿನಗಳಲ್ಲಿ ಆ ಸಲವೂ ಬಂತು. ಬೆಳಿಗ್ಗೆ ಎದ್ದವಳಿಗೆ ಕಾಲು ಮಡಚಲಾಗಲಿಲ್ಲ. ಚಹಾ ಕುಡಿಯುವ ಮುಂಚೆಯೇ ರಿಕ್ಷಾ ಮಾಡಿಸಿ ಕೊಲ್ಹಾಪುರಕ್ಕೆ ಕರೆದೊಯ್ದೆ. ರಕ್ತ ತೆಗೆದ ತಕ್ಷಣ ಡಾಕ್ಟರಬಾಯಿ ಸಲಾಯಿನ್ ಹಚ್ಚಿದರು. ಆ ಬೊಟ್ಟನ್ನು ಯಂತ್ರಕ್ಕೆ ಹಾಕಿದವಳು ನಾನೇ. ಪರದೆಯ ಮೇಲೆ, ತಗ್ಗಾಗಿ ಇರಬೇಕಾದ ಕಡೆಯಲ್ಲೆಲ್ಲ ಗೆರೆಗಳು ಎದ್ದು ನಿಂತವು. ಮಾದರಿಗಳನ್ನು ನೋಡಿ ಅಳುವವಳಲ್ಲ ನಾನು. ಅವತ್ತು ಅತ್ತುಬಿಟ್ಟೆ.

ಅವಳ ದೇಹಕ್ಕೆ ಕೊಬ್ಬನ್ನು ಉರಿಸಲು ಬರುತ್ತಿರಲಿಲ್ಲ, ಹುಟ್ಟಿನಿಂದಲೂ. ಮುಂದಿನ ಪರೀಕ್ಷೆಗಳೂ ಅದನ್ನೇ ಹೇಳಿದವು. ಕೊಬ್ಬನ್ನು ಹೊತ್ತು ಜೀವಕೋಶದ ಒಲೆಯೊಳಗೆ ಸಾಗಿಸಬೇಕಾದದ್ದು ಬಾಗಿಲಲ್ಲೇ ಸಿಕ್ಕಿಕೊಂಡು ರಕ್ತದಲ್ಲಿ ಗುಡ್ಡೆ ಬೀಳುತ್ತದೆ ಎಂದು ನನಗೆ ತಿಳಿದಂತೆ ವಿವರಿಸಿದೆ. ಕಾಕು ತನ್ನ ಭಾಷೆಗೆ ತಿರುಗಿಸಿಕೊಂಡಳು. ಕಾಂಡಿ ತುಂಬಿದೆ, ಧೋಟಾದಲ್ಲಿ ಕೂರುತ್ತಿಲ್ಲ, ಮಗ್ಗ ಬಂದ್ ಬಿದ್ದಿದೆ, ಹಾಗೇ ತಾನೇ ಎಂದಳು. ಹೌದ್ರಿ ಕಾಕು, ಹಾಗೇ, ನೀವು ಆಳಶಿ ಅಲ್ಲ ಎಂದೆ. ಅವಳು ಖುಷಿಯಿಂದ ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ. ಇದು ಒಡಹುಟ್ಟಿದವರಿಗೂ ಇರುತ್ತದೆಯೇ?

ಇರಬಹುದು ಎಂದೆ. ಆಗ ಮೊದಲ ಸಲ ಅವಳ ಅಕ್ಕನ ವಿಷಯ ನನಗೆ ಗೊತ್ತಾಯಿತು. ದತ್ತವಾಡದಲ್ಲಿ ಕಬ್ಬಿನ ರವದಿ, ಅಂದರೆ ಒಣಗಿದ ಎಲೆ, ಸುಲಿಯುವಾಗ ಆ ಅಕ್ಕ ಬದುವಿನ ಮೇಲೆ ಮಲಗಿಬಿಡುತ್ತಿದ್ದಳಂತೆ. ಅವಳ ಪಾಲಿನ ಕೆಲಸವೂ ತಂಗಿಯ ಮೇಲೆ ಬೀಳುತ್ತಿತ್ತು. ಸಿಟ್ಟಿನಿಂದ ಕಿರುಚುತ್ತಿದ್ದಳು ತಂಗಿ. ಊರಲ್ಲೇ ಮದುವೆಯಾಗಿ, ಹೆಚ್ಚು ವರ್ಷ ಬಾಳದೆ, ಒಂದು ಜ್ವರದಲ್ಲಿ ಅಕ್ಕ ತೀರಿಹೋದಳು. ಆಮೇಲೆ ತನಗೇ ಕಾಲು ಹಿಡಿಯಲು ಶುರುವಾದಾಗ, ಇದು ಅಕ್ಕನ ಶಾಪ ಎಂದೇ ಕಾಕು ತಿಳಿದಿದ್ದಳು.

"ಆಕಿಗೆ ಆಳಶಿ ಅಂತ ಹೆಸರಿಟ್ಟಾಕಿ ನಾನ, ತಂಗಿ. ಮನ್ಯಾಗ ಎಲ್ಲಾರಕಿಂತ ಮೊದಲ ನಾನ ಅಂದಿದ್ನಿ."



ಡಾಕ್ಟರಬಾಯಿ ಹೊತ್ತು ಹೊತ್ತಿಗೆ ತಿನ್ನಬೇಕು, ಕಡಕ ಉಪವಾಸ ಇನ್ನು ಜನ್ಮದಲ್ಲಿ ಕೂಡದು ಎಂದು ಹೇಳಿ ಕಳಿಸಿದ್ದರು. ಮುಂದಿನ ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಅತ್ತೆ ತಾನು ನೀರಷ್ಟೇ ಕುಡಿದು, ಸೊಸೆಯ ಮುಂದೆ ಅನ್ನದ ತಟ್ಟೆ ತಂದು ಕುಕ್ಕಿ ಹೋದಳು. ಅವಳ ಬಾಯಿಂದ ತಪ್ಪಾಯಿತು ಎಂಬ ಮಾತು ಬರಲಿಲ್ಲ. ನನ್ನ ಸಿಟ್ಟು ಅರ್ಧ ಇಳಿಯಿತು, ಪೂರ್ತಿ ಇಳಿಯಲಿಲ್ಲ.

ಅದೇ ತಿಂಗಳು ಕಾಕು ನನ್ನನ್ನು ದತ್ತವಾಡಕ್ಕೆ ಕರೆದೊಯ್ದಳು. ಅಕ್ಕನ ಗಂಡ, ಅವಳ ಭಾವ, ಅಂಗಳದಲ್ಲಿ ಔಷಧ ಹೊಡೆಯುವ ಪಂಪು ತೊಳೆಯುತ್ತಿದ್ದರು. ಎರಡನೆಯ ಹೆಂಡತಿ ಬನ್ನಿ ಎಂದು ಚಾಪೆ ಹಾಸಿದರು. ಕಾಕು ನಿಂತೇ ಹೇಳಿದಳು, ಅಕ್ಕನಿಗೆ ಇದ್ದದ್ದು ಬ್ಯಾನಿ, ಆಕೆ ಆಳಶಿ ಆಗಿರಲಿಲ್ಲ, ತನ್ನ ರಕ್ತ ಪರೀಕ್ಷೆಯಿಂದ ಗೊತ್ತಾಗಿದೆ ಎಂದು. ಅಕ್ಕನ ರಕ್ತ ಇಲ್ಲದೆ ಖಚಿತವಾಗಿ ಹೇಳಲಾಗದು ಎಂದು ಡಾಕ್ಟರಬಾಯಿ ಅಂದಿದ್ದರು. ಅದನ್ನು ಅವಳು ಹೇಳಲಿಲ್ಲ, ನಾನೂ ಬಾಯಿ ಹಾಕಲಿಲ್ಲ. ಭಾವ ಪಂಪು ಕೆಳಗಿಟ್ಟರು.

"ನಾ ಎಂದ ಅಂದೀನವಾ ಆಳಶಿ ಅಂತ? ಆಕಿನ ಕೇಳತಿದ್ಳು, ನಾ ಆಳಶಿ ಏನ್ರಿ ಅಂತ. ಅಲ್ಲ ಅಂತಿದ್ನಿ. ನಂಬತಿರಲಿಲ್ಲ. ತವರಮನಿಯವರು ಒಬ್ಬರರ ಅಂದಿದ್ರ ನಂಬತಿದ್ಳು."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಸಿಟ್ಟಿದ್ದರೆ ಕಾಕು ತಡೆದುಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕಬ್ಬಿನ ಕಡೆ ಮುಖ ಮಾಡಿ ಅತ್ತಳು. ನಾನು ಅವಳ ಕೈ ಹಿಡಿದುಕೊಂಡು ಕುಳಿತಿದ್ದೆ.

ಅಂದಿನಿಂದ ಅವಳಿಗೆ ಒಂದು ಚಟ ಹತ್ತಿತು. ಕಾಂಡಿ ಶೆಡ್ಡಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಪಕ್ಕದ ಸೀಟಿನಲ್ಲಿ ಕುಳಿತ ಗುರುತಿಲ್ಲದ ಹೆಂಗಸಿಗೆ ಸಹ, ನಮ್ಮ ಅಕ್ಕ ಒಬ್ಬಳಿದ್ದಳು, ಆಳಶಿ ಇರಲಿಲ್ಲರೀ ಎಂದು ಶುರುಮಾಡುತ್ತಿದ್ದಳು. ಆ ಅಕ್ಕನನ್ನು ಕಂಡವರು ಇಚಲಕರಂಜಿಯಲ್ಲಿ ಯಾರೂ ಇರಲಿಲ್ಲ. ಕೆಲವರು ಹೌದೇನ್ರಿ ಎಂದು ಕೇಳಿಸಿಕೊಳ್ಳುತ್ತಿದ್ದರು, ಕೆಲವರಿಗೆ ನಗು ಬರುತ್ತಿತ್ತು. ಕಾಕುವಿಗೆ ಅದರ ಪರಿವೆಯೇ ಇರಲಿಲ್ಲ.

ನನ್ನ ಮದುವೆಯಾಗಿ ನಾನು ಕೊಲ್ಹಾಪುರಕ್ಕೇ ಬಂದುಬಿಟ್ಟೆ. ವಾರಕ್ಕೊಮ್ಮೆ ಇದ್ದ ಫೋನು ತಿಂಗಳಿಗೊಮ್ಮೆ ಆಯಿತು. ಹೋದ ವರ್ಷದ ಮಳೆಗಾಲದಲ್ಲಿ ಕಾಕುವಿಗೆ ಜ್ವರ ಬಂತು. ವಾಂತಿ ನಿಲ್ಲದೆ, ಹೊಟ್ಟೆಯಲ್ಲಿ ಏನೂ ಉಳಿಯದೆ, ದವಾಖಾನೆಗೆ ಮುಟ್ಟಿಸುವ ಹೊತ್ತಿಗೆ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಅವಳು ಉಳಿಯಲಿಲ್ಲ. ಮಣ್ಣಿಗೆ ಹೋದಾಗ ಓಣಿಯವರೆಲ್ಲ ಪಾಪ, ಎಂಥ ಬ್ಯಾನಿ ಇಟ್ಟುಕೊಂಡು ದುಡಿದಳು ಎನ್ನುತ್ತಿದ್ದರು. ತಾವು ಹಿಂದೆ ಏನೆಂದು ಕರೆಯುತ್ತಿದ್ದೆವು ಎನ್ನುವುದು ಒಬ್ಬರಿಗೂ ನೆನಪಿದ್ದಂತೆ ಕಾಣಲಿಲ್ಲ.

ಇವತ್ತಿಗೂ ಅಂಥ ಗೆರೆಗಳು ಪರದೆಯ ಮೇಲೆ ಅಪರೂಪಕ್ಕೆ ಏಳುತ್ತವೆ. ಯಾರದೋ ಮಗು, ಯಾರದೋ ಸೊಸೆ. ಫೋನು ಮಾಡಿ ಅವರ ಡಾಕ್ಟರಿಗೆ ತಿಳಿಸುತ್ತೇನೆ, ಒಡಹುಟ್ಟಿದವರನ್ನೂ ಕರೆಸಿ ಎನ್ನುತ್ತೇನೆ. ದತ್ತವಾಡದ ಆ ಅಕ್ಕನ ರಕ್ತ ಮಾತ್ರ ಇನ್ನು ಎಲ್ಲಿಯೂ ಸಿಗುವುದಿಲ್ಲ. ಅವಳ ಪರವಾಗಿ ಬಾಯಿ ಬಿಟ್ಟು ಹೇಳುತ್ತಿದ್ದವಳು ಒಬ್ಬಳೇ, ಅವಳೂ ಹೋದಳು. ಅದಕ್ಕೇ ಇಷ್ಟು ಬರೆದೆ. ಕಾಕುವಿನ ಅಕ್ಕ ಒಬ್ಬಳಿದ್ದಳು, ಆಳಶಿ ಇರಲಿಲ್ಲರೀ.