ಎರಡು ದಿಂಬು

ತಲೆಯಡಿಗೆ ಎರಡು ದಿಂಬಿಲ್ಲದೆ ನನಗೆ ನಿದ್ದೆ ಬರುವುದಿಲ್ಲ. ರೋಗವೇನಿಲ್ಲ, ಬರೀ ಚಟ. ಒಂದೇ ದಿಂಬಿನ ಮನೆಗೆ ಹೋದರೆ ಟವೆಲ್ಲನ್ನೋ, ಬ್ಯಾಗನ್ನೋ, ಕೊನೆಗೆ ಮಡಚಿದ ಪ್ಯಾಂಟನ್ನೋ ಕೆಳಗೆ ತುರುಕಿ ಎರಡನೆಯದರ ಸ್ಥಾನಕ್ಕೆ ಪಟ್ಟಾಭಿಷೇಕ ಮಾಡುವ ನನ್ನನ್ನು ಕಂಡು ನಕ್ಕವರು ಬಹಳ, ನೀವೂ ನಗಬಹುದು.

ವೃತ್ತಿಯಿಂದ ನಾನು ಬೆಳಗಾವಿಯ ಕಾಲೇಜೊಂದರಲ್ಲಿ ಗಣಿತದ ಮಾಸ್ತರ. ಹೃದಯ ಮತ್ತು ಶ್ವಾಸಕೋಶಗಳು ಒಂದನ್ನೊಂದು ಹೇಗೆ ಒತ್ತುತ್ತವೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿದು ಮಹಾಪ್ರಬಂಧ ಬರೆದವನು. ಒಂದೇ ಖೋಲಿಯಲ್ಲಿ ಎರಡು ಸಂಸಾರಗಳಿದ್ದಂತೆ ಅವುಗಳ ಬಾಳು. ಒಬ್ಬರು ಕೈಕಾಲು ಚಾಚಿದರೆ ಇನ್ನೊಬ್ಬರು ಮುದುಡಬೇಕು. ಲೆಕ್ಕ ಸರಳವಾಗಲೆಂದು ನಮ್ಮ ಶಾಸ್ತ್ರ ಕೆಲವು ಊಹೆಗಳನ್ನು ಮಾಡಿಕೊಳ್ಳುತ್ತದೆ. ಮನುಷ್ಯ ಅಂಗಾತ ಮಲಗಿದ್ದಾನೆ ಎಂಬುದು ನನ್ನ ಮೊದಲ ಊಹೆ. ಆ ಬಡಪಾಯಿಗೆ ನಾನು ಒಂದು ದಿಂಬನ್ನೂ ಕೊಟ್ಟಿರಲಿಲ್ಲ.

ಶನಿವಾರವಾದರೆ ಖಾನಾಪುರದ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುತ್ತಿದ್ದೆ. ಊಟವಾಗುವಷ್ಟರಲ್ಲಿ ಹಾಸಿಗೆ ಸಿದ್ಧ, ಮೇಲೆ ಒಂದರ ಮೇಲೊಂದು ಎರಡು ದಿಂಬು. ತಮ್ಮನ ಚಟ ನೆನಪಿಟ್ಟು ನನಗಾಗಿಯೇ ಎತ್ತಿಟ್ಟಿರುತ್ತಾಳೆಂದು ಬೀಗುತ್ತಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಅಕ್ಕ ಕೌದಿ ಹೊದ್ದು ಗೋಡೆಗೊರಗಿ ಕುಳಿತಿರುತ್ತಿದ್ದಳು.

“ಯಾಕಕ್ಕಾ, ಇಷ್ಟ ಲಗೂ ಎದ್ದಿ?”

“ವಯಸ್ಸಾತೋ ತಮ್ಮಾ, ನಿದ್ದಿ ಕಡಿಮಿ.”

ಚಹಾ ಕುಡಿಯುತ್ತ ಅವಳಿಗೆ ನನ್ನ ಸಂಶೋಧನೆಯನ್ನು ಬಿಡಿಸಿ ಹೇಳುತ್ತಿದ್ದೆ. ಎರಡು ಮಾತಿಗೊಮ್ಮೆ ನಿಂತು, ಉಸಿರು ತೆಗೆದುಕೊಂಡು, “ಮಂದಿ ಎದಿಯೊಳಗಿಂದು ಇಷ್ಟೆಲ್ಲಾ ತಿಳೀತದೇನೋ ನಿನಗ?” ಎಂದು ಹೆಮ್ಮೆಪಡುತ್ತಿದ್ದಳು. ತಿಳಿಯುತ್ತದೆ ಎಂದೇ ನಾನು ಹೇಳುತ್ತಿದ್ದೆ.

ಪಾದ ಊದಿಕೊಂಡ ಮೇಲೆ ಅವಳನ್ನು ಬೆಳಗಾವಿಯ ಆಸ್ಪತ್ರೆಗೆ ತಂದೆವು. ಯಾವ ಯಂತ್ರವನ್ನೂ ಮುಟ್ಟುವ ಮೊದಲು ಡಾಕ್ಟರು ಕೇಳಿದರು: “ಮಲಗುವಾಗ ಎಷ್ಟ ದಿಂಬ ಇಟ್ಕೋತಾರ್ರಿ?”

ಅಕ್ಕನ ಮಗ ಉತ್ತರಿಸಿದ. “ವರ್ಷಾತ್ರಿ, ಎರಡ ಬೇಕ ಅಕಿಗೆ. ಇಲ್ಲಂದ್ರ ದಮ್ಮ ಹತ್ತತೈತಿ. ಶನಿವಾರ ನಮ್ಮ ಮಾಮಾ ಬಂದ್ರ ಆ ಎರಡೂ ದಿಂಬ ಅವರಿಗೆ ಕೊಟ್ಟು ರಾತ್ರಿಯೆಲ್ಲಾ ಕುಂತ ಬಿಡ್ತಾಳ್ರಿ.”

ಅವನ ದನಿಯಲ್ಲಿ ದೂರಿರಲಿಲ್ಲ. ಮನೆಯ ವಾಡಿಕೆ ಹೇಳಿದ, ಅಷ್ಟೇ. ಸೋತ ಹೃದಯದವರು ಅಂಗಾತ ಮಲಗಿದರೆ ಕಾಲಿನ ರಕ್ತ ಎದೆಗೆ ಬಂದು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ ಎಂದು ಡಾಕ್ಟರು ನನ್ನಂಥವನಿಗೂ ಅರ್ಥವಾಗುವಂತೆ ವಿವರಿಸಿದರು. ತಡಮಾಡಿ ತಂದಿರಿ ಎಂದೂ ಹೇಳಿದರು. ಅದು ನನ್ನದೇ ಮಹಾಪ್ರಬಂಧದ ನಾಲ್ಕನೆಯ ಅಧ್ಯಾಯ. ಹೊಸದಾಗಿ ಕೇಳುವವನಂತೆ ತಲೆಯಾಡಿಸಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಹತ್ತು ದಿನಕ್ಕೆ ಅಕ್ಕ ಹೋದಳು. ನಮ್ಮವರ ಪದ್ಧತಿಯಂತೆ ಅವಳನ್ನು ಕೂರಿಸಿಯೇ ಮಣ್ಣು ಮಾಡಿದೆವು. ಅಂಗಾತ ಮಲಗುವ ಮನುಷ್ಯ ನನ್ನ ಸಮೀಕರಣಗಳಲ್ಲೇ ಉಳಿದ.

ಅಂದು ರಾತ್ರಿ ಅಕ್ಕನ ಮನೆಯಲ್ಲಿ ಹಾಸಿಗೆ ಹಾಸಿದ ಅವಳ ಸೊಸೆ ಎರಡು ದಿಂಬು ತಂದಿಟ್ಟು, “ಮಾಮಾರ, ನಿಮಗ ಎರಡ ಬೇಕಂತ ಅತ್ತಿ ಹೇಳಿದ್ರು” ಎಂದಳು. ಒಂದನ್ನು ವಾಪಸು ಕೊಡಬೇಕೆಂದುಕೊಂಡೆ. ಕೊಡಲಿಲ್ಲ. ಎರಡನ್ನೂ ತಲೆಯಡಿಗೆ ಇಟ್ಟುಕೊಂಡು ಮಲಗಿದೆ. ನಿದ್ದೆ ಬಂತು.