ಹಸಿ ಆರುವ ಮೊದಲು ಎಳೆದ ಗೆರೆ

ನನಗೆ ಆಗ ಅರವತ್ತೆಂಟು, ನಾಲ್ಕು ವರ್ಷದ ಹಿಂದಿನ ಮಾತು. ಮಮದಾಪುರದ ನಮ್ಮ ಓಣಿಗೆ ಮುಂಜಾನೆ ಕಾಂಕ್ರೀಟ್ ಹಾಕಿ ಹೋಗಿದ್ದರು. ಮಧ್ಯಾಹ್ನ ಒಬ್ಬ ಆಳು ಕಟ್ಟರ್ ಮಷೀನು ತಳ್ಳಿಕೊಂಡು ಬಂದು, ಇನ್ನೂ ಪೂರ್ತಿ ಗಟ್ಟಿಯಾಗದ ಆ ರಸ್ತೆಯನ್ನು ನನ್ನ ಬಾಗಿಲ ಮುಂದೆಯೇ ಅಡ್ಡ ಕೊಯ್ಯತೊಡಗಿದ. ನಾನು ಹೊರಗೆ ಬಂದು ಒದರಿದೆ.

“ಮುಂಜಾನೆ ಹಾಕಿ ಮಧ್ಯಾಹ್ನ ಕೊಯ್ತೀಯಲ್ಲೋ, ತಲಿ ನೆಟ್ಟಗ ಐತಿಲ್ಲೋ?”

ಅವನು ಮಷೀನು ನಿಲ್ಲಿಸಿ ನಕ್ಕ. “ಒಣಗಿದ ಮ್ಯಾಲ ಕಾಂಕ್ರೀಟ್ ಬಿರಿಯೂದ ಐತ್ರಿ ಯಮ್ಮಾ. ಹಸಿ ಆರೂದ್ರಾಗ ಗೆರಿ ಎಳದ್ರ ಆ ಗೆರಿಯೊಳಗ ಬಿರಿತೈತಿ. ಇಲ್ಲಂದ್ರ ಸಿಕ್ಕಸಿಕ್ಕಲ್ಲಿ ಬಿರಿತೈತಿ.”

ಅದು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಶಾಂತವ್ವನ ಮಾತು. ಇದೇ ಅಂಗಳವನ್ನು ದಿನಾ ನಾನು ಸಗಣಿ ಹಾಕಿ ಸಾರಿಸುತ್ತಿದ್ದೆ, ಅವಳು ರಂಗೋಲಿ ಹಾಕುತ್ತಿದ್ದಳು. “ಹಸಿ ಆರೂದ್ರಾಗ ಗೆರಿ ಎಳೀಬೇಕು, ಲಗೂನ ಅತ್ತಾಗ ಸರಿ ಯಕ್ಕಾ” ಎನ್ನುವಳು. ನಾನು ಎಳೆದರೆ, “ಹಾವು ಹರದಂಗ ಐತಿ” ಎಂದು ಆಡಿಕೊಳ್ಳುವಳು. ಕಣ್ಣು ಮಂಜಾದ ಮೇಲೆ ಹುಕ್ಕೇರಿಯ ಮಗಳ ಮನೆ ಸೇರಿದಳು. ಹೋಗಿ ನೋಡಬೇಕು ಎಂದುಕೊಳ್ಳುತ್ತಲೇ ಇದ್ದೆ, ಹೋಗಿರಲಿಲ್ಲ. ಈಗ ಕಾಂಕ್ರೀಟ್ ಬಿದ್ದು ಸಾರಿಸಲು ಅಂಗಳವೂ ಉಳಿಯಲಿಲ್ಲ.

ಮಷೀನು ಹೋದ ಮೇಲೆ ಬಾಗಿಲ ಮುಂದೆ ಬೆಳ್ಳಗಿನ ಪುಡಿಯ ಗೆರೆಯೊಂದು ನೆಟ್ಟಗೆ ಬಿದ್ದಿತ್ತು, ಥೇಟ್ ಶಾಂತವ್ವ ಎಳೆದ ಹಾಗೆ. ಮರುದಿನ ಮುಂಜಾನೆ ಅದನ್ನು ಗುಡಿಸದೆ ದಾಟಿ, ಗೋಕಾಕಿಗೆ ಹೋಗಿ ಹುಕ್ಕೇರಿ ಬಸ್ಸು ಹತ್ತಿದೆ.