ಅಂಗಳ ದಾಟುವ ದಾರಿ

ಡಲ್ಲಾಸ್‌ನಿಂದ ಲಂಡನ್‌ಗೆ ವಿಮಾನ, ಅಲ್ಲಿಂದ ರೈಲು, ಆಮೇಲೊಂದು ಹಳ್ಳಿ ಬಸ್ಸು. ಚಿಪ್ಪಿಂಗ್ ಕ್ಯಾಂಪ್ಡೆನ್ ಎಂಬ ಪುಟ್ಟ ಊರಿನಲ್ಲಿ ಇಳಿದಾಗ ತುಂತುರು ಮಳೆ. ಅಲ್ಲಿಂದ ಬಾತ್ ಪಟ್ಟಣಕ್ಕೆ ನೂರೆರಡು ಮೈಲಿಯ ಕಾಲುದಾರಿ. ಡಲ್ಲಾಸ್ ಪಕ್ಕದ ನಮ್ಮೂರು ಫ್ರಿಸ್ಕೋದಲ್ಲಿ ಹಾಲು ತರಲೂ ಕಾರು ತೆಗೆಯುವ ನಮ್ಮ ಯಜಮಾನರು, ಹೋದ ವರ್ಷ ಮಂಡಿ ಆಪರೇಷನ್ ಆದ ಮೇಲೆ ಹಠ ಹಿಡಿದಿದ್ದರು: ಅಷ್ಟೂ ದೂರ ನಡೆಯಬೇಕು, ಗಾಡಿ ಹತ್ತಲೇಬಾರದು.

ಎಂಥ ಚೆಂದದ ದಾರಿ! ಬೆಳಿಗ್ಗೆ ಕುರಿ ಮೇಯುವ ಗುಡ್ಡ, ಮಧ್ಯಾಹ್ನ ಬೀಚ್ ಎಂಬ ಎತ್ತರದ ಮರಗಳ ತಂಪು ಕಾಡು, ಸಂಜೆಗೆ ಬೆಲ್ಲದ ಬಣ್ಣದ ಕಲ್ಲಿನ ಮನೆಗಳ ಊರು. ಚಹಾ, ಸ್ಕೋನು ಎಂಬ ಬಿಸಿ ಬನ್ನು, ಜಾಮು. ಆರು ದಿನ ಇವರ ಮಂಡಿ ಒಂದು ಮಾತೂ ಆಡಲಿಲ್ಲ.

ಏಳನೆಯ ದಿನ, ಉದ್ದಕ್ಕೂ ದಾರಿ ತೋರುತ್ತಿದ್ದ ಬಾಣದ ಗುರುತು ಒಂದು ತೋಟದ ಮನೆಯ ಗೇಟಿನೊಳಗೆ, ಅಡುಗೆಮನೆ ಕಿಟಕಿಯ ಪಕ್ಕದಲ್ಲೇ ಹೋಗೆಂದು ತೋರಿಸಿತು. ಇವರು ಗಕ್ಕನೆ ನಿಂತರು.

"ಮಂದಿ ಅಂಗಳದಾಗ ಕಾಲಿಟ್ರ ಟೆಕ್ಸಸ್‌ನಾಗ ಬಂದೂಕು ತೆಗೀತಾರ, ಗೊತ್ತದ ಇಲ್ಲೋ? ಸುತ್ತು ಹಾಕೂಣು ನಡಿ."

"ರೀ, ಬಾಣ ಒಳಗ ತೋರಸ್ತದ ನೋಡ್ರಿ," ಎಂದೆ. ಕೇಳಿದರೆ ತಾನೆ! ಡಾಂಬರು ರಸ್ತೆಯಲ್ಲಿ ಮೂರು ಮೈಲಿ ಸುತ್ತಿ ಅದೇ ಮನೆಯ ಆಚೆ ಬದಿಯ ಮುಂಬಾಗಿಲಿಗೆ ಬರುವಷ್ಟರಲ್ಲಿ ಮಂಡಿ ಊದಿಕೊಂಡಿತ್ತು. ಕಲ್ಲುಗೋಡೆಯ ಮೇಲೆ ಕುಳಿತುಬಿಟ್ಟರು. ನಾನು ಟ್ಯಾಕ್ಸಿಗೆಂದು ಫೋನ್ ತೆಗೆದೆ. ಅವರು ಅದನ್ನು ಕಿತ್ತು ಜೇಬಿಗಿಟ್ಟರು.

ಆ ಮನೆಯ ಒಡತಿ, ಎಪ್ಪತ್ತರ ಹತ್ತಿರದ ಹೆಂಗಸು, ಹೊರಗೆ ಬಂದಳು. "ನೀವು ತಿರುಗಿ ಹೋದದ್ದು ಕಿಟಕಿಯಿಂದ ನೋಡಿದೆ. ನನ್ನ ನಾಯಿಗೆ ಹೆದರಿದಿರಾ?"

ಸಂಗತಿ ತಿಳಿದು ಬಿದ್ದು ಬಿದ್ದು ನಕ್ಕಳು. "ಈ ದಾರಿ ನನಗಿಂತ ಹಳೆಯದು. ಹೊಲ ನನ್ನದು, ನಡೆಯುವ ಹಕ್ಕು ಎಲ್ಲರದು. ಮುಂದೆಯೂ ಇಂಥ ಅಂಗಳಗಳು ಸಿಗುತ್ತವೆ. ನೇರ ಹೋಗಿ."

ಒಳಗೆ ಕರೆದು ಚಹಾ ಕೊಟ್ಟಳು, ಮಂಡಿಗೆ ಫ್ರೀಜರಿನ ಬಟಾಣಿ ಚೀಲ ಇಟ್ಟಳು. ರಾತ್ರಿ ತಂಗುವ ಊರಿಗೆ ಕಾರಿನಲ್ಲಿ ಬಿಡುತ್ತೇನೆಂದಾಗ ಇವರು ಕೈ ಮುಗಿದು ಬೇಡವೆಂದು ನಡೆದೇ ಹೊರಟರು.

ಮರುದಿನದಿಂದ ಕಂಡವರ ಅಂಗಳಗಳನ್ನೆಲ್ಲ ದಾಟುತ್ತಾ, ಹಿಂದೆ ಗೇಟು ಮುಚ್ಚುತ್ತಾ, ಕುಂಟುತ್ತಲೇ ನಡೆದರು. ಹನ್ನೊಂದನೆಯ ದಿನ ಬಾತ್‌ನ ದೊಡ್ಡ ಚರ್ಚಿನ ಮುಂದೆ, ದಾರಿ ಮುಗಿಯುವ ದುಂಡು ಕಲ್ಲಿನ ಮೇಲೆ ಎರಡೂ ಪಾದ ಊರಿ ನಿಂತರು. ನನಗೆ ಅಳು ಬಂತು.

ಫ್ರಿಸ್ಕೋಗೆ ಮರಳಿದ ಮೊದಲ ಸಂಜೆ ವಾಕಿಂಗ್ ಹೊರಟೆವು. ಪಕ್ಕದ ಮನೆಯ ಹುಲ್ಲು ದಾಟಿದರೆ ಕೆರೆ. ಒಂಬತ್ತು ವರ್ಷದಿಂದ ಸುತ್ತಿಕೊಂಡೇ ಹೋಗಿದ್ದೇವೆ, ಆ ಮನೆಯವರ ಹೆಸರೂ ಗೊತ್ತಿಲ್ಲ. ಇವರು ಹುಲ್ಲಿನ ಅಂಚಿನಲ್ಲಿ ನಿಂತರು.

"ರೀ, ಇಲ್ಲಿ ಬಾಣ ಇಲ್ಲ!"

"ಗೊತ್ತದ. ಕೇಳಿ ಬರ್ತೀನಿ," ಎಂದವರೇ ಹೋಗಿ ಬೆಲ್ ಒತ್ತಿದರು.